ಆರಡಿ ಕೋಲು

ಕುಗ್ಗುತ್ತಿರುವ ಮನೆಯನ್ನು ನಮ್ಮೂರಲ್ಲಿ ಯಾರೂ ನೆಟ್ಟ ಕಣ್ಣಿನಿಂದ ನೋಡುವುದಿಲ್ಲ. ಉಣ್ಣುವವರ ತಾಟಿನಲ್ಲಿ ಹೇಗೆ ಇಣುಕಬಾರದೋ ಹಾಗೆ. ಹಾದಿಯಲ್ಲಿ ಅಂಥ ಮನೆ ಬಂದರೆ ಗಂಡಸರು ತಮ್ಮ ಚಪ್ಪಲಿ ನೋಡಿಕೊಳ್ಳುತ್ತಾರೆ, ಹೆಂಗಸರು ಸೆರಗನ್ನು ಆ ಕಡೆಯ ಕೆನ್ನೆಗೆ ಎಳೆದುಕೊಳ್ಳುತ್ತಾರೆ. ಒಲೆ ಆರಿ, ಒಳಗೆ ಮಲಗುವವರು ಇಲ್ಲದಾದ ಮೇಲೆ ಮನೆ ಕುಗ್ಗಲು ತೊಡಗುತ್ತದೆ. ಮೊದಮೊದಲು ಗೊತ್ತಾಗುವುದಿಲ್ಲ. ಆಮೇಲೆ ಗೋಡೆಯ ಸುತ್ತ ಹಸಿ ಮಣ್ಣಿನ ಅಂಚು ಕಾಣಿಸುತ್ತದೆ, ಆಮೇಲೆ ಬಾಗಿಲು ತಗ್ಗುತ್ತದೆ. ಒಳಗೆ ಬಿಟ್ಟುಹೋದ ಸಾಮಾನೂ ಮನೆಯ ಜೊತೆಗೇ ಕುಗ್ಗುತ್ತದೆ. ಅದಕ್ಕೇ ಮನೆ ಬಿಡುವವರು ಗೋಡೆಯ ಮೊಳೆಯನ್ನೂ ಕಿತ್ತುಕೊಂಡು ಹೋಗುತ್ತಾರೆ. ನಮ್ಮಪ್ಪನಿಗೆ ಮಗ್ಗವನ್ನು ಕಿತ್ತುಕೊಂಡು ಹೋಗಲಾಗಲಿಲ್ಲ. ಅದು ಕುಣಿಮಗ್ಗ, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ನೇಯುವಂಥದ್ದು. ಕುಣಿಯನ್ನು ಹೊತ್ತುಕೊಂಡು ಹೋಗುವುದು ಹೇಗೆ?

ನಮ್ಮ ಓಣಿಯ ಹನ್ನೊಂದು ಮನೆಗಳಿಗೆ ಬ್ಯಾಂಕಿನವರು ಒಂದೇ ತಿಂಗಳಲ್ಲಿ ಬೀಗ ಹಾಕಿ ಅರಗಿನ ಮುದ್ರೆ ಒತ್ತಿದರು. ಎಲ್ಲವೂ ನೇಕಾರರ ಮನೆಗಳೇ. ನಾನೂ ಅಪ್ಪನೂ ಎಣ್ಣೆ ಗಾಣದ ಹಿಂದಿನ ಒಂದು ಕೋಣೆಗೆ ಬಂದೆವು. ಎಂಟು ತಿಂಗಳು ಕಳೆದ ಮೇಲೆ ನಗರಸಭೆಯವರು ವಸತಿ ನಿಧಿಯಿಂದ ಆ ಹನ್ನೊಂದೂ ಮನೆಗಳನ್ನು ಬ್ಯಾಂಕಿನಿಂದ ಬಿಡಿಸಿಕೊಂಡರು. ಗುತ್ತಿಗೆದಾರರನ್ನು ಆರಿಸಿ, ಅವರ ಕೈಯಿಂದ ಮನೆಗಳನ್ನು ಮೊದಲಿನ ಎತ್ತರಕ್ಕೆ ಎಬ್ಬಿಸಿ, ಸೂರಿಲ್ಲದವರಿಗೆ ಕೊಡುವುದು ಎಂದು ಠರಾವಾಯಿತು. ಹಿಂದೆ ಅದೇ ಮನೆಯಲ್ಲಿದ್ದವರಿಗೆ ಮೊದಲ ಹಕ್ಕು. ಷರತ್ತು ಒಂದೇ. ಬಾಗಿಲ ಎತ್ತರ ನಾಲ್ಕೂವರೆ ಅಡಿಗಿಂತ ಕೆಳಗಿಳಿದರೆ ಅದು ಮನೆಯಲ್ಲ, ಸಾಮಾನು. ಸಾಮಾನಿಗೆ ವಸತಿ ನಿಧಿ ಸಲ್ಲುವುದಿಲ್ಲ.

ನಾನು ಆ ನಗರಸಭೆಯಲ್ಲೇ ಕಸ ಗುಡಿಸಿ ಚಹಾ ಕೊಡುವ ಕೆಲಸಕ್ಕಿದ್ದೆ. ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಅವ್ವ ತೀರಿಕೊಂಡಿದ್ದಳು, ಅಪ್ಪನಿಗೆ ಲಾಳಿಯೊಳಗಿನ ನೂಲಿನ ಕಂಡಿಕೆ ಸುತ್ತಿಕೊಡುವವರು ಬೇಕಿತ್ತು. ಬಿಟ್ಟಿದ್ದಕ್ಕೆ ನನಗೆ ದುಃಖವೂ ಆಗಲಿಲ್ಲ. ಮಾಸ್ತರರು ಹಾಜರಿ ಕರೆದಾಗ 'ಹಾಜರ್‍ರಿ' ಎನ್ನಲು ಧ್ವನಿ ಹೊರಡದೆ, ಎದುರಿಗೇ ಕುಳಿತಿದ್ದರೂ ಎಷ್ಟೋ ದಿನ ನನಗೆ ಗೈರುಹಾಜರಿ ಬಿದ್ದಿತ್ತು. ನಗರಸಭೆಯಲ್ಲಿ ಯಾರೂ ಹಾಜರಿ ಕರೆಯುತ್ತಿರಲಿಲ್ಲ. ಚಹಾ ಬಂದರೆ ನಾನು ಬಂದಿದ್ದೇನೆ ಎಂದರ್ಥ. ಮಂಗಳವಾರ ಮಾತ್ರ ನನಗೆ ಇನ್ನೊಂದು ಕೆಲಸ. ಆ ಹನ್ನೊಂದು ಮನೆಗಳ ಬಾಗಿಲಿಗೆ ಅಳತೆಕೋಲು ಹಿಡಿಯುವುದು.

ಕೋಲು ಸಾಗುವಾನಿಯದು. ಆರಡಿ ಉದ್ದ, ಅಡಿಗೊಂದು ಹಿತ್ತಾಳೆಯ ಉಂಗುರ, ತುದಿಯಲ್ಲಿ ನಗರಸಭೆಯ ಮುದ್ರೆ. ನಾನು ಐದಡಿಯವಳು. ಕೋಲನ್ನು ನೆಟ್ಟಗೆ ನಿಲ್ಲಿಸಿದರೆ ನನ್ನ ತಲೆಯ ಮೇಲೆ ಅದು ಪೂರಾ ಒಂದಡಿ ನಿಲ್ಲುತ್ತಿತ್ತು. "ಹುಡುಗಿ ಕೋಲು ಹಿಡದಾಳೋ, ಕೋಲು ಹುಡುಗೀನ ಹಿಡದೈತೋ!" ಎಂದು ಚಿದಾನಂದಪ್ಪ ನಗುತ್ತಿದ್ದರು. ಚಿದಾನಂದಪ್ಪ ಅಳತೆ ಬರೆದುಕೊಳ್ಳುವ ಗುಮಾಸ್ತರು, ಅಪ್ಪನ ವಯಸ್ಸಿನವರು. ಮೊದಲ ದಿನವೇ ನನಗೆ ಒಂದೇ ಒಂದು ಪಾಠ ಹೇಳಿದ್ದರು: "ಏನರ ಮಾಡು ತಂಗಿ, ಕೋಲನ್ನ ಮಾತ್ರ ಯಾವ ಮನಿ ಒಳಗೂ ಬಿಟ್ಟು ಬರಬ್ಯಾಡ." ಅವರು ಮನೆಗೆ ಬೆನ್ನು ಮಾಡಿ, ರಸ್ತೆಯ ಆಚೆ ಮಡಚುವ ಸ್ಟೂಲಿನ ಮೇಲೆ, ಕೊಡೆಯ ಕೆಳಗೆ ಕೂರುತ್ತಿದ್ದರು. ಮರ್ಯಾದಸ್ಥರು, ಮನೆಯ ಕಡೆ ನೋಡುತ್ತಿರಲಿಲ್ಲ. ನನ್ನ ಧ್ವನಿ ಅಲ್ಲಿಯವರೆಗೆ ಮುಟ್ಟುತ್ತಿರಲಿಲ್ಲವಾದ್ದರಿಂದ ನಾನು ಅವರ ಎದುರಿಗೆ ಹೋಗಿ ಬೆರಳೆತ್ತಿ ತೋರಿಸುತ್ತಿದ್ದೆ. ಮೊದಲು ಅಡಿ, ಆಮೇಲೆ ಅಂಗುಲ. ಅವರು ಬರೆದುಕೊಳ್ಳುತ್ತಿದ್ದರು.

ಸಂಜೆ ಅಪ್ಪ ಕೇಳುತ್ತಿದ್ದ, "ಎಷ್ಟೈತಿ?" ಅಪ್ಪ ದಿನವಿಡೀ ಹೆಚ್ಚು ಮಾತಾಡುವವನಲ್ಲ. ಕೋಣೆಯ ಗೋಡೆಗೆ ಒರಗಿ ಕೂತಾಗ ಅವನ ಬಲಗೈ ಲಾಳಿ ಎಳೆಯುವಂತೆ ತಾನಾಗಿ ಆಡುತ್ತಿತ್ತು. ಕಾಲುಗಳಿಗೆ ಕುಣಿ ಸಿಗದೆ ನೆಲದ ಮೇಲೆ ಚಡಪಡಿಸುತ್ತಿದ್ದವು. ಮಂಗಳವಾರದ ಆ ಒಂದು ಪ್ರಶ್ನೆಯನ್ನು ಮಾತ್ರ ಅವನು ಮರೆಯುತ್ತಿರಲಿಲ್ಲ. ಹನ್ನೊಂದರಲ್ಲಿ ನಮ್ಮದೇ ಎಲ್ಲಕ್ಕಿಂತ ಗಿಡ್ಡ ಬಾಗಿಲು. ವಾರಕ್ಕೊಂದು ಅಂಗುಲ ಇಳಿಯುತ್ತಾ ಅದು ನಾಲ್ಕಡಿ ಏಳಂಗುಲಕ್ಕೆ ಬಂದಿತ್ತು. ಮಿತಿಗೆ ಇನ್ನು ಒಂದೇ ಅಂಗುಲ. "ಗುತ್ತಿಗಿ ಯಾರಿಗಂತ?" ಎಂದು ಅಪ್ಪ ಕೇಳಿದ. "ಇನ್ನೂ ಆರಸಾಕತ್ತಾರಪ್ಪ" ಎಂದೆ.

ಆ ಆಯ್ಕೆಯ ಸಭೆಯಲ್ಲಿ ನಾನೂ ಇದ್ದೆ, ಬಾಗಿಲ ಹತ್ತಿರ, ಕಿಟಲಿ ಹಿಡಿದುಕೊಂಡು. ಮುಖ್ಯಾಧಿಕಾರಿ ಸಾಹೇಬರು, ಇಂಜಿನಿಯರು, ಬ್ಯಾಂಕಿನ ಮ್ಯಾನೇಜರು ಮೇಜಿನ ಒಂದು ಕಡೆ. ಅರ್ಜಿದಾರರು ಒಬ್ಬೊಬ್ಬರಾಗಿ ಬರಬೇಕು. ನೂರಕ್ಕೆ ಎಷ್ಟು ಅಂಕ ಎಂದು ಮೂವರೂ ಬರೆಯಬೇಕು. ಮೊದಲು ಬಂದವರು ಮುರಿಗೆಪ್ಪ ಕಂತಿ. ಬಣ್ಣಬಣ್ಣದ ಹಾಳೆಗಳಿದ್ದ ದಪ್ಪ ಫೈಲು ತಂದಿದ್ದರು. ಕಬ್ಬಿಣದ ಜಾಕಿ ಹಚ್ಚಿ ನಾಲ್ಕು ಮೂಲೆಯಿಂದ ಮನೆಯನ್ನು ಹೇಗೆ ಎತ್ತುತ್ತೇನೆ ಎಂಬುದರ ಚಿತ್ರ ಅದರಲ್ಲಿತ್ತು. ಎರಡನೆಯದು ಪಕ್ಕದೂರಿನ ಒಂದು ಕಂಪನಿ. ಅವರದು ಇನ್ನೂ ದಪ್ಪ ಫೈಲು. ಮೂರನೆಯವಳು ಹುಸೇನಬಿ. ಅವಳ ಕೈಯಲ್ಲಿ ಒಂದು ಚೀಲವಿತ್ತು, ಚೀಲದಲ್ಲಿ ಗಾರೆ ಕೆಲಸದ ಕರಣಿ.

ಇಂಜಿನಿಯರು ಕೇಳಿದರು, "ನಿಮ್ಮ ಕಡೆ ಯಂತ್ರ ಏನೇನು ಅದಾವಮ್ಮ?"

"ಒಲಿ ಐತ್ರಿ," ಎಂದಳು ಹುಸೇನಬಿ. "ಕರಣಿ ಐತಿ. ಮೂರು ಮಂದಿ ಸೊಸ್ತೇರು ಅದಾರ. ಅವರ ಬಾಯಿಕಿಂತ ದೊಡ್ಡ ಯಂತ್ರ ನಿಮಗ ಎಲ್ಲೂ ಸಿಗಂಗಿಲ್ಲ."

ಮ್ಯಾನೇಜರು ನಕ್ಕರು. ಸಾಹೇಬರು ನಗಲಿಲ್ಲ. "ಮನಿ ಹೆಂಗ ಎತ್ತತೀರಿ, ಅದನ್ನ ಹೇಳ್ರಿ."

"ಎತ್ತೂದೇನ ಬಂತ್ರಿ ಸಾಹೇಬ್ರ. ಒಳಗ ಹೋಗತೀವಿ. ಬಿರುಕಿಗೆ ಗಾರಿ ತುಂಬತೀವಿ. ಅನ್ನ ಮಾಡತೀವಿ, ಉಣತೀವಿ, ಜಗಳಾಡತೀವಿ, ಅಲ್ಲೇ ಮಲಗತೀವಿ. ಒಗ್ಗರಣಿ ವಾಸನಿಗೆ ಮೊದಲ ತೊಲಿ ಏಳತಾವ. ಸೊಸ್ತೇರು ಜಗಳ ಸುರು ಮಾಡಿದ್ರಂದ್ರ ಗ್ವಾಡಿ ತಾವಾಗೇ ಹಿಂದ ಸರೀತಾವ. ಒಂದು ಮನಿಗೆ ಇಪ್ಪತ್ತು ದಿವಸ. ಹನ್ನೊಂದಕ್ಕೂ ಒಮ್ಮೇ ಬೇಕಂದ್ರ ನಮ್ಮ ಬೀಗರೂ ಬರತಾರ, ಜಗಳಗಂಟರೇನು ಕಡಿಮಿಲ್ಲ. ನಾಳೆ ಬಾ ಅಂದ್ರ ನಾಳೇನ ಬರತೀನಿ."

"ಅನುಭವದ ಪತ್ರ?"

"ನಾವು ಹಿಂದ ಎಬ್ಬಿಸಿದ ಮನ್ಯಾಗ ಈಗ ಇದ್ದವರನ್ನ ಕೇಳ್ರಿ."

"ಪತ್ರ ಬೇಕಮ್ಮ. ಮನುಷ್ಯರನ್ನ ಫೈಲಿಗೆ ಹಚ್ಚಾಕ ಬರಂಗಿಲ್ಲ."

ಯಂತ್ರಕ್ಕೆ ಸೊನ್ನೆ, ಪತ್ರಕ್ಕೆ ಸೊನ್ನೆ. ಹುಸೇನಬಿಗೆ ಎಲ್ಲ ಸೇರಿ ಇಪ್ಪತ್ತೆರಡು ಅಂಕ ಬಿದ್ದವು. ಕಂತಿಯವರಿಗೂ ಕಂಪನಿಗೂ ಸರಿಸಮ, ಎಪ್ಪತ್ತೊಂದು. ಸಮ ಬಂದರೆ ಏನು ಮಾಡಬೇಕು ಎಂದು ನಿಯಮದ ಪುಸ್ತಕದಲ್ಲಿ ಇರಲಿಲ್ಲ. ಹದಿನೈದು ದಿನ ಬಿಟ್ಟು ಮತ್ತೆ ಸಭೆ ಎಂದಾಯಿತು. ಹದಿನೈದು ದಿನವೆಂದರೆ ನಮ್ಮ ಬಾಗಿಲಿಗೆ ಎರಡಂಗುಲ. ನಾನು ಕಪ್ಪುಗಳನ್ನು ಎತ್ತಿಕೊಂಡು ಹೊರಗೆ ಬಂದೆ.

ಆವತ್ತೇ ಮಂಗಳವಾರ. ಅಳತೆ ಬೆಳಿಗ್ಗೆಯೇ ಮುಗಿದಿತ್ತು, ಕೋಲು ಬಾಗಿಲ ಹೊರಗೆ ನಾನು ಒರಗಿಸಿದಲ್ಲೇ ಇತ್ತು. ಅದನ್ನು ಕಚೇರಿಯ ಮೂಲೆಯಲ್ಲಿ ಇಡುವ ಬದಲು ಎತ್ತಿಕೊಂಡು ನಮ್ಮ ಓಣಿಗೆ ನಡೆದೆ. ಮನೆಯ ಹಿಂದಿನ ಕಿಟಕಿಯ ಒಂದು ಸಲಾಕೆ ಮೊದಲಿನಿಂದಲೂ ಸಡಿಲ. ಚಿಕ್ಕವಳಿದ್ದಾಗ ನಾನು ಅದರೊಳಗಿಂದ ನುಸುಳುತ್ತಿದ್ದೆ. ಈಗ ಕಿಟಕಿಯೂ ಚಿಕ್ಕದಾಗಿತ್ತು, ಆದರೂ ಹೇಗೋ ತೂರಿಕೊಂಡೆ. ಸರಕಾರಿ ಮುದ್ರೆಯಿದ್ದ ಮನೆಯೊಳಗೆ ಹೋದರೆ ಏನಾಗುತ್ತದೆ ಎಂಬುದು ಗೊತ್ತಿತ್ತು. ಇನ್ನು ಹದಿನೈದು ದಿನಕ್ಕೆ ಇದು ಮನೆಯೇ ಅಲ್ಲ ಎಂಬುದೂ ಗೊತ್ತಿತ್ತು. ಒಳಗೆ ಮಗ್ಗ ಹಾಗೇ ಇತ್ತು, ಚಿಕ್ಕ ಮಗುವಿನ ಅಳತೆಗೆ ಹೊಲಿಸಿದ ಅಂಗಿಯ ಹಾಗೆ. ಅರ್ಧ ನೆಯ್ದ ಸೀರೆ ಅದರ ಮೇಲೇ ಇತ್ತು. ಅಂಚಿನ ದಡಿಯ ತೇರಿನ ಕುಸುರಿ ಎಷ್ಟು ಸಣ್ಣದಾಗಿತ್ತೆಂದರೆ ಅದನ್ನು ಯಾವ ಕೈಯೂ ನೆಯ್ದಿರಲಾರದು ಎನಿಸಿತು. ಕುಣಿಯಲ್ಲಿ ಕಾಲಿಳಿಬಿಟ್ಟು ಕೂತೆ. ಮೊಣಕಾಲು ಎದೆಗೆ ಬಂದವು. ಎಷ್ಟು ಹೊತ್ತು ಕೂತೆನೋ. ಮುಂದಿನ ಬಾಗಿಲಲ್ಲಿ ಗಂಡಸರ ಧ್ವನಿ ಕೇಳಿಸಿತು. ಕಂತಿಯವರ ಆಳುಗಳು, ಜಾಗ ನೋಡಲು ಬಂದವರು. ನಾನು ಹೆದರಿ ಕಿಟಕಿಯಿಂದ ಹೊರಬಿದ್ದು ಓಡಿದೆ. ಎಣ್ಣೆ ಗಾಣ ಮುಟ್ಟಿದ ಮೇಲೆ ಕೈ ಖಾಲಿ ಇರುವುದು ಕಂಡಿತು.

ಆ ಆಳುಗಳು ವಾರವಿಡೀ ಅಲ್ಲೇ ಚಾಪೆ ಹಾಸಿಕೊಂಡು, ಮನೆಗೆ ಬೆನ್ನು ಮಾಡಿ, ಇಸ್ಪೀಟು ಆಡುತ್ತಾ ಜಾಗ ನೋಡಿದರು. ನಾನು ಹತ್ತಿರ ಸುಳಿಯಲಾಗಲಿಲ್ಲ. ಕೋಲೆಲ್ಲಿ ಎಂದು ಕಚೇರಿಯಲ್ಲಿ ಯಾರೂ ಕೇಳಲಿಲ್ಲ. ಮುಂದಿನ ಮಂಗಳವಾರ ಬೆಳಿಗ್ಗೆ ಅವರು ಚಹಾಕ್ಕೆ ಎದ್ದು ಹೋದಾಗ ಕಿಟಕಿಯಿಂದ ಕೈ ಹಾಕಿ ಕೋಲನ್ನು ಎಳೆದುಕೊಂಡೆ.

ಮೊದಲ ಮನೆಗೆ ಹಿಡಿದೆ. ಹಿಂದಿನ ವಾರದಷ್ಟೇ ಬಂತು. ಎರಡನೆಯದಕ್ಕೆ ಹಿಡಿದೆ. ಕಾಲಂಗುಲ ಹೆಚ್ಚೇ ಬಂತು. ಬೆರಳು ತೋರಿಸಿದರೆ ಚಿದಾನಂದಪ್ಪ ಕೊಡೆ ಮಡಚಿ ಎದ್ದು ನಿಂತರು. "ಏನಂದಿ? ಇನ್ನೊಮ್ಮೆ ಹಿಡಿ." ಇನ್ನೊಮ್ಮೆ ಹಿಡಿದೆ. ಅಷ್ಟೇ ಬಂತು. ಮೂರನೆಯ ಮನೆಯ ಮುಂದೆ ಕೋಲನ್ನು ನೆಟ್ಟಗೆ ನಿಲ್ಲಿಸಿದಾಗ ನನಗೆ ಗೊತ್ತಾಯಿತು. ಅದರ ತುದಿ ನನ್ನ ತಲೆಗೆ ಒಂದು ಬೆರಳಿನಷ್ಟು ಹತ್ತಿರ ಬಂದಿತ್ತು. ವಾರವಿಡೀ ನಮ್ಮ ಮನೆಯ ಜೊತೆಗೆ ಅದೂ ಕುಗ್ಗಿತ್ತು.

ಹೇಳಬೇಕು ಎಂದುಕೊಂಡೆ. ಹತ್ತನೆಯ ಮನೆಯವರೆಗೂ ಅಂದುಕೊಳ್ಳುತ್ತಲೇ ಹೋದೆ. ಹನ್ನೊಂದನೆಯದು ನಮ್ಮದು. ನಾಲ್ಕಡಿ ಏಳಂಗುಲ, ಕೂದಲೆಳೆಯಷ್ಟೂ ಕಡಿಮೆಯಿಲ್ಲ. ಬೆರಳು ತೋರಿಸಿದೆ. ಚಿದಾನಂದಪ್ಪ ಬರೆಯುವುದನ್ನು ನಿಲ್ಲಿಸಿ ಕನ್ನಡಕ ತೆಗೆದು ಒರೆಸಿಕೊಂಡರು.

"ಶಾವಂತ್ರಿ," ಎಂದರು. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಹಿಂಗ ಇಳಕೋತ ಹೋಗಿದ್ರ ಬರೂ ವಾರ ಅಲ್ಲಂದ್ರ ಅದರ ಆಚಿಗೆ ನಿಮ್ಮ ಮನಿ ಮ್ಯಾಲ ನಾನ ಗೆರಿ ಹೊಡೀಬೇಕಾಗತಿತ್ತು. ನಿಮ್ಮಪ್ಪನ ಮಾರಿ ಹೆಂಗ ನೋಡ್ಲಿ ಅಂತ ನನಗ ಊಟ ಸೇರಿರಲಿಲ್ಲವಾ. ಹೋಗು, ಹೇಳು ಅವಗ. ಮನಿ ನಿಂತೈತಿ ಅಂತ ಹೇಳು."

ನಾನು ತಲೆ ಆಡಿಸಿದೆ. ಸಂಜೆ ಅಪ್ಪ "ಎಷ್ಟೈತಿ?" ಎಂದಾಗ "ಅಷ್ಟ ಐತಿ" ಎಂದೆ. ಅಪ್ಪ ನನ್ನ ಮುಖವನ್ನೇ ನೋಡಿದ. ಮನೆ ಬಿಟ್ಟ ಮೇಲೆ ಮೊದಲ ಸಲ ಇನ್ನೊಂದು ರೊಟ್ಟಿ ಹಾಕು ಎಂದ. ಮರುದಿನ ಮಧ್ಯಾಹ್ನ, ಆಳುಗಳು ಹೋದ ಮೇಲೆ, ಕೋಲನ್ನು ನಾನೇ ತೆಗೆದುಕೊಂಡು ಹೋಗಿ ಕಿಟಕಿಯಿಂದ ಒಳಗೆ ಇಳಿಬಿಟ್ಟೆ. ಮೊದಲ ಸಲದ್ದು ಮರೆವು. ಆಮೇಲಿನ ಯಾವುದೂ ಮರೆವಲ್ಲ.

ಮಂಗಳವಾರ ತೆಗೆಯುವುದು, ಬುಧವಾರ ಇಡುವುದು. ಅಳತೆಯ ಪುಸ್ತಕದಲ್ಲಿ ಹನ್ನೊಂದು ಮನೆಗಳೂ ನಿಂತಲ್ಲೇ ನಿಂತವು. ಸಾಹೇಬರು ರಾಜಧಾನಿಗೆ ಪತ್ರ ಬರೆದರು, ತಮ್ಮ ಅಧಿಕಾರಾವಧಿಯಲ್ಲಿ ಮನೆಗಳ ಕುಗ್ಗುವಿಕೆ ಸಂಪೂರ್ಣ ನಿಂತಿದೆ ಎಂದು. ಅಲ್ಲಿಂದ ಮೆಚ್ಚುಗೆಯ ಉತ್ತರ ಬಂತು. ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ಹಾಕಿದರು. ಮೊಳೆ ಹೊಡೆಯುವಾಗ ಕುರ್ಚಿ ಹಿಡಿದುಕೊಂಡವಳು ನಾನು. ಆಯ್ಕೆಯ ಸಭೆಗಳು ಈಗ ಆರಾಮಾಗಿ ನಡೆದವು. ಕಂತಿಯವರಿಗೆ ಅರ್ಧ ಅಂಕ ಹೆಚ್ಚಾಯಿತು. ಕಂಪನಿಯವರು ಆಕ್ಷೇಪಣೆ ಸಲ್ಲಿಸಿದರು. ಅರ್ಧ ಅಂಕ ಕೊಡಲು ಅಧಿಕಾರ ಇದೆಯೇ ಎಂದು ಸಾಹೇಬರು ಮೇಲಿನವರನ್ನು ಕೇಳಿದರು. ಮೇಲಿನವರು ಫೈಲು ಕಳಿಸಿ ಎಂದರು.

ನಿಜವಾದ ಎತ್ತರವನ್ನು ನಾನು ನನ್ನ ಮೈಮೇಲೆ ಇಟ್ಟುಕೊಂಡಿದ್ದೆ. ಬಾಗಿಲ ಮುಂದೆ ನಿಂತರೆ ಮೇಲಿನ ಚೌಕಟ್ಟು ನನ್ನ ಎಲ್ಲಿಗೆ ಬರುತ್ತದೆ ಎಂದು ನೋಡಿಕೊಳ್ಳುತ್ತಿದ್ದೆ. ನಾಲ್ಕೂವರೆ ಅಡಿಯೆಂದರೆ ನನ್ನ ತುಟಿ. ನಮ್ಮ ಮನೆ ತುಟಿಯಿಂದ ಗದ್ದಕ್ಕೆ ಇಳಿಯಿತು, ಗದ್ದದಿಂದ ಗಂಟಲಿಗೆ. ಉಳಿದ ಹತ್ತರಲ್ಲಿ ಕೆಲವು ಇನ್ನೂ ಮೂಗಿನ ಹತ್ತಿರವಿದ್ದವು, ಕೆಲವು ಕಣ್ಣಿನ ಹತ್ತಿರ.

ಹುಸೇನಬಿ ಪ್ರತಿ ಸೋಮವಾರ ಬಂದು ಕಚೇರಿಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಅಂಕ ಇಪ್ಪತ್ತೆರಡೇ ಬಿದ್ದಿದ್ದರೂ, ದೊಡ್ಡವರಿಬ್ಬರ ಜಗಳದಲ್ಲಿ ತನಗೇನಾದರೂ ಬಿದ್ದೀತೆಂದು ಅವಳ ಆಸೆ. ನಾನು ಕೊಡುತ್ತಿದ್ದ ಚಹಾವನ್ನು ಬಸಿಯಲ್ಲಿ ಸುರಿದುಕೊಂಡು ಕುಡಿಯುತ್ತಿದ್ದಳು. ಊರಲ್ಲಿ ಕುಗ್ಗುವ ಮನೆಗಳನ್ನು ತಲೆಯೆತ್ತಿ ನೋಡುತ್ತಿದ್ದವಳು ಅವಳೊಬ್ಬಳೇ. "ವೈದ್ಯಗ ಎಂಥ ನಾಚಿಕಿ? ನೋಡಲಾರದ ಔಷಧ ಕೊಡ್ಲೇನು?" ಎನ್ನುತ್ತಿದ್ದಳು. ಒಂದು ಸೋಮವಾರ ಬಸಿ ಕೆಳಗಿಟ್ಟು ನನ್ನ ಕೈ ಹಿಡಿದಳು.

"ಏ ಹುಡುಗಿ, ಎಲ್ಲಾರೂ ಮನಿ ನಿಂತಾವ ಅನ್ನಾಕತ್ತಾರ. ನನ್ನ ಕಣ್ಣಿಗೆ ಇಳಿಯಾಕತ್ತಾವಲ್ಲ? ಅಳತಿ ಹಿಡಿಯಾಕಿ ನೀನು. ನೀ ಏನಂತಿ?"

"ಕೋಲು ಹಂಗ ಹೇಳತೈತಿ ದೊಡ್ಡವ್ವ" ಎಂದೆ.

ಅವಳು ನನ್ನ ಕೈ ಬಿಟ್ಟಳು. ಕಣ್ಣುಜ್ಜಿಕೊಂಡು ತನ್ನ ಅಂಗೈಯನ್ನು ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು. "ಹಂಗಾರ ಕಣ್ಣಿಗೇ ವಯಸ್ಸಾತು ತಗೋ" ಎಂದಳು. ಮುಂದಿನ ಸೋಮವಾರ ಅವಳು ಕನ್ನಡಕ ಹಾಕಿಕೊಂಡು ಬಂದಿದ್ದಳು. ನಡೆಯುವಾಗ ಮೆಟ್ಟಿಲು ಎಡವಿದಳು.

ಐದನೆಯ ವಾರದ ಸಭೆಯಲ್ಲಿ ನಾನು ಕಪ್ಪು ತುಂಬುತ್ತಿದ್ದೆ. ಇಂಜಿನಿಯರು ನಿಯಮದ ಪುಸ್ತಕ ತಿರುವುತ್ತಾ, "ನಮ್ಮ ಪುಣ್ಯ ಸಾಹೇಬ್ರ, ಮನಿ ನಿಂತಾವ. ಇಳಿಯಾಕ ಹತ್ತಿದ್ದೂ ಅಂದ್ರ ಈಗ ಕಣ್ಣಿಗೆ ಬಿದ್ದ ಈ ಒಂಬತ್ತನೇ ನಿಯಮ ಬಳಸಬೇಕಾಗತಿತ್ತು" ಎಂದರು. ಮ್ಯಾನೇಜರು ಅದೇನು ಎಂದರು. ಇಂಜಿನಿಯರು ಓದಿ ಹೇಳಿದರು. ಮನೆಗಳು ಮಿತಿಯ ಹತ್ತಿರ ಬಂದು ಇನ್ನೂ ಇಳಿಯುತ್ತಿದ್ದರೆ, ಅಂಕ ಟೆಂಡರು ಯಾವುದೂ ನೋಡದೆ, ಮರುದಿನವೇ ಕೆಲಸ ಶುರು ಮಾಡುವವರಿಗೆ ಕೊಟ್ಟುಬಿಡಬೇಕು. "ಅಂದ್ರ ಆ ಒಲಿ ಮುದುಕಿಗೆ!" ಎಂದು ಮ್ಯಾನೇಜರು ನಕ್ಕರು. ಸಾಹೇಬರೂ ನಕ್ಕರು.

ಅಂದರೆ ಮೊದಲ ವಾರ ನಾನು ಬಾಯಿ ಬಿಟ್ಟಿದ್ದರೆ ಮರುದಿನವೇ ಹುಸೇನಬಿ ನಮ್ಮ ಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದಳು. ನಮ್ಮ ಮನೆ ಆಗ ತುಟಿಯ ಮೇಲೆ ಇತ್ತು. ಈಗ ಗಂಟಲಲ್ಲಿದೆ. ಆದರೆ ಹಿಂದಿನ ದಿನವಷ್ಟೇ ನಾನು ನೋಡಿದ್ದೆ, ಆರು ಮನೆಗಳು ಇನ್ನೂ ತುಟಿಯ ಮೇಲಿದ್ದವು. ಹೇಳಿದರೆ ನಮ್ಮದು ಹೋಗುತ್ತದೆ, ಆರು ಉಳಿಯುತ್ತವೆ. ಆ ಆರು ಮನೆಗಳವರು ನನಗೆ ಗೊತ್ತು. ಒಬ್ಬಳು ನನಗೆ ಜಡೆ ಹಾಕಲು ಕಲಿಸಿದವಳು. ಒಬ್ಬನು ಅವ್ವನ ಹೆಣಕ್ಕೆ ಹೆಗಲು ಕೊಟ್ಟವನು. ನಾನು ಕಿಟಲಿ ಕೆಳಗಿಟ್ಟೆ. ಮೇಜಿನ ಹತ್ತಿರ ಹೋಗಿ ನಿಂತೆ. ಬಾಯಿ ತೆರೆದೆ.

ಸಾಹೇಬರು ತಲೆ ಎತ್ತಿದರು. "ಏನು?"

ಧ್ವನಿ ಬರಲಿಲ್ಲ. ಮೂವರೂ ನನ್ನನ್ನೇ ನೋಡುತ್ತಿದ್ದರು. ನನ್ನನ್ನು ಅಷ್ಟು ಜನ ಒಟ್ಟಿಗೆ ಯಾವತ್ತೂ ನೋಡಿರಲಿಲ್ಲ.

"ಸಕ್ಕರಿ ಕೇಳಾಕ ಬಂದಾಳ," ಎಂದರು ಇಂಜಿನಿಯರು. "ಹಾಕವಾ, ಇನ್ನೊಂದು ಚಮಚ ಹಾಕು. ಇವತ್ತ ಸಪ್ಪಗ ಐತಿ."

ನಾನು ಸಕ್ಕರೆ ಹಾಕಿದೆ.

ಆಮೇಲಿನ ವಾರಗಳ ಬಗ್ಗೆ ಏನು ಹೇಳಲಿ? ಹೇಳದೆ ಇದ್ದದ್ದು ಅಭ್ಯಾಸವಾಯಿತು. ಅಪ್ಪ ಹೊಸ ಲಾಳಿ ಕೆತ್ತತೊಡಗಿದ. ಎಣ್ಣೆ ಗಾಣದವರ ಬಳಿ ಒಂದು ಒಳ್ಳೆಯ ಮರದ ತುಂಡು ಬೇಡಿ ತಂದು, ದಿನವೂ ಸ್ವಲ್ಪ ಸ್ವಲ್ಪ ನುಣುಪು ಮಾಡಿದ. ಮೊದಲು ಅರ್ಧ ಉಳಿದ ಸೀರೆ ಮುಗಿಸುತ್ತೇನೆ, ಅದು ನಿನಗೆ ಎಂದ. ನಾನು ಕಂಡಿಕೆ ಸುತ್ತಿಕೊಟ್ಟೆ. ನೂಲು ಮತ್ತೆ ಮತ್ತೆ ಹರಿಯುವುದನ್ನು ನೋಡಿ, ರೂಢಿ ತಪ್ಪಿದೆ ಎಂದ.

ಕೋಲು ಕುಗ್ಗುತ್ತಾ ಕುಗ್ಗುತ್ತಾ ನನ್ನ ತಲೆಯ ಮಟ್ಟಕ್ಕೆ ಬಂತು. ಯಾರಾದರೂ ಒಮ್ಮೆ ನೋಡಿದರೆ ಸಾಕು ಎಂದು ಈಗ ನಾನೇ ಕಾಯುತ್ತಿದ್ದೆ. ಅದನ್ನು ಚಿದಾನಂದಪ್ಪನವರ ಕಣ್ಣೆದುರಿಗೇ ನೆಟ್ಟಗೆ ನಿಲ್ಲಿಸಿಕೊಂಡು ನಿಲ್ಲುತ್ತಿದ್ದೆ. ಒಂದು ಮಂಗಳವಾರ ಅವರು ಬರೆಯುವುದನ್ನು ಬಿಟ್ಟು ನನ್ನನ್ನೂ ಕೋಲನ್ನೂ ಮೇಲಿಂದ ಕೆಳಗೆ ನೋಡಿದರು. ಅವರ ಮುಖ ಅರಳಿತು.

"ಅಯ್ಯ ನಮ್ಮವ್ವ! ಕೋಲಿನ ಸರೀ ಬಂದೀಯಲ್ಲ! ಹೋದ ಚಳಿಗಾಲದಾಗ ನನ್ನ ಮೊಳಕೈ ಅಷ್ಟ ಇದ್ದಿ. ಒಂದಡಿ ಬೆಳದೀ ಹುಡುಗಿ ನೀನು! ಮನಿ ನಿಂತಾವಲ್ಲ, ಮನಸಿಗೆ ಸಮಾಧಾನ ಆತು, ಉಂಡದ್ದು ಮೈಗೆ ಹತ್ತಿತು. ಇವತ್ತ ನಿಮ್ಮಪ್ಪಗ ಹೇಳತೀನಿ ತಡಿ."

ಹೇಳಿದರು. ಸಂಜೆ ದಾರಿಯಲ್ಲಿ ಬಂದು, ಕೋಣೆಯ ಬಾಗಿಲಲ್ಲಿ ನಿಂತು, "ನಿನ್ನ ಮಗಳು ಒಂದಡಿ ಬೆಳದಾಳಪಾ!" ಎಂದು ಹೇಳಿ ಹೋದರು. ಅಪ್ಪ ನನ್ನನ್ನು ನೋಡಿ ನಕ್ಕ. ಮಗಳು ಬೆಳೆದದ್ದು ಮನೆಯವರಿಗೆ ಕೊನೆಗೆ ಗೊತ್ತಾಗುತ್ತದಂತೆ ಎಂದ.

ಹತ್ತನೆಯ ವಾರ ಮೇಲಿನವರ ಉತ್ತರ ಬಂದು, ಮುರಿಗೆಪ್ಪ ಕಂತಿಯವರು ಆಯ್ಕೆಯಾದರು. ಗುರುವಾರ ಬೆಳಿಗ್ಗೆ ಕೆಲಸ ಶುರುವಾಗಬೇಕಿತ್ತು. ಬುಧವಾರ ಮಧ್ಯಾಹ್ನ ನಾನು ಕೊನೆಯ ಸಲ ಕೋಲನ್ನು ನಮ್ಮ ಕಿಟಕಿಯಿಂದ ಒಳಗೆ ಹಾಕಿದೆ. ಕಂತಿಯವರಲ್ಲಿ ಉಕ್ಕಿನ ಟೇಪು ಇರುತ್ತದೆ ಎಂದು ಗೊತ್ತಿತ್ತು. ಕೋಲನ್ನು ಕಚೇರಿಯಲ್ಲಿ ಇಟ್ಟಿದ್ದರೆ ಅದೇ ಎಲ್ಲವನ್ನೂ ಹೇಳುತ್ತಿತ್ತು. ಕೊನೆಯ ಗಳಿಗೆಯಲ್ಲೂ ನಾನು ಅದರ ಬಾಯಿ ಮುಚ್ಚಿದೆ.

ಗುರುವಾರ ಇಡೀ ಓಣಿ ಸೇರಿತ್ತು. ಹಳೆಯ ಮನೆಗಳವರೆಲ್ಲ ಒಗೆದ ಬಟ್ಟೆ ಹಾಕಿಕೊಂಡು ಬಂದಿದ್ದರು. ರೂಢಿಯಂತೆ ತಲೆ ತಗ್ಗಿಸಿಯೇ ನಿಂತಿದ್ದರು. ಅಪ್ಪ ಲಾಳಿಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ. ಸಾಹೇಬರು ತೆಂಗಿನಕಾಯಿ ಒಡೆದರು. ಕಂತಿಯವರ ಮೇಸ್ತ್ರಿ ಜಾಕಿ ಹೊತ್ತು ಮೊದಲ ಮನೆಗೆ ಹೋದ, ಬಾಗಿ ನೋಡಿದ, ಇನ್ನೂ ಬಾಗಿದ, ಆಮೇಲೆ ಕುಕ್ಕರುಗಾಲಲ್ಲಿ ಕೂತ. ಟೇಪು ಹಿಡಿದ. "ನಾಕಡಿ ಎರಡಂಗುಲ" ಎಂದು ಕೂಗಿದ. ಎರಡನೆಯ ಮನೆ ನಾಲ್ಕಡಿ ಐದಂಗುಲ. ಒಂದೊಂದು ಸಂಖ್ಯೆ ಕೂಗಿದಾಗಲೂ ಒಬ್ಬೊಬ್ಬರು ತಲೆಯೆತ್ತಿ ತಮ್ಮ ಮನೆಯನ್ನು ನೋಡಿದರು, ಎಷ್ಟೋ ತಿಂಗಳ ಮೇಲೆ, ನೆಟ್ಟ ಕಣ್ಣಿನಿಂದ. ಯಾರೂ ಕೂಗಾಡಲಿಲ್ಲ. ನಮ್ಮದು ಮೂರಡಿ ಒಂಬತ್ತಂಗುಲ. ಹನ್ನೊಂದರಲ್ಲಿ ಒಂದೂ ಮಿತಿಯ ಮೇಲೆ ಉಳಿದಿರಲಿಲ್ಲ.

ಚಿದಾನಂದಪ್ಪ ಪುಸ್ತಕ ಬಿಚ್ಚಿ ತೋರಿಸಿದರು. "ನಾನ ನನ್ನ ಕೈಯ್ಯಾರೆ ಬರದೀನಿ ಸಾಹೇಬ್ರ. ಮೊನ್ನಿ ಮಂಗಳವಾರ ಬರದೀನಿ. ಕೋಲು ತರಸ್ರಿ, ಕೋಲಿಂದ ನೋಡ್ರಿ!" ಕೋಲನ್ನು ಹುಡುಕಿದರು. ನನ್ನನ್ನೂ ಹುಡುಕಲು ಕಳಿಸಿದರು. ನಾನು ಕಚೇರಿಗೆ ಹೋಗಿ, ಮೂಲೆಯನ್ನು ನೋಡಿ, ಇಲ್ಲ ಎಂದು ಬಂದು ಹೇಳಿದೆ. ಅಷ್ಟು ಹೇಳಲು ಧ್ವನಿ ಬಂತು.

ಹುಸೇನಬಿ ಜನರನ್ನು ಸರಿಸಿಕೊಂಡು ಬಂದಳು. ಕನ್ನಡಕ ಕಿತ್ತು ಚೀಲಕ್ಕೆ ಹಾಕಿದಳು. ಯಾರನ್ನೂ ಕೇಳದೆ ಒಂದು ಬಾಗಿಲಿನ ಮುದ್ರೆ ಒಡೆದು, ತಾನು ತಂದಿದ್ದ ಒಲೆಯನ್ನು ಒಳಗೆ ತಳ್ಳಿ, ಹೊಸ್ತಿಲ ಮೇಲೆ ಮೊಣಕಾಲೂರಿ ಕೈ ಚಾಚಿ ಒಗ್ಗರಣೆ ಹಾಕಿದಳು. ಸೊಸೆಯರಿಗೆ ಬೈಯಿರಿ ಎಂದಳು. ಮೂವರು ಸೊಸೆಯರೂ ಬೀದಿಯಲ್ಲಿ ನಿಂತು, ಅಳುತ್ತಾ, ಒಬ್ಬರಿಗೊಬ್ಬರು ಬೈದುಕೊಂಡರು. ಸಾಸಿವೆ ಸಿಡಿದವು. ಮನೆ ಏಳಲಿಲ್ಲ. ಮಿತಿಯ ಕೆಳಗೆ ಇಳಿದು ಸಾಮಾನಾದದ್ದು ಒಗ್ಗರಣೆಗೂ ಏಳುವುದಿಲ್ಲ. ಅವಳು ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡಳು. "ನನ್ನ ಕಣ್ಣು ನೆಟ್ಟಗ ಇದ್ದೂ" ಎಂದಳು, ಯಾರಿಗೆ ಎಂದು ಇಲ್ಲದೆ. ನನ್ನ ಕಡೆ ನೋಡಲಿಲ್ಲ.

ಮನೆಗಳು ಒಂದೇ ವಾರದಲ್ಲಿ ಹಠಾತ್ತನೆ ಕುಸಿದವು ಎಂದು ವರದಿಯಾಯಿತು. ಕೋಲು ಕಳೆದದ್ದಕ್ಕೆ ಚಿದಾನಂದಪ್ಪನವರನ್ನು ಕೆಲಸದಿಂದ ತೆಗೆದರು. ಹೋಗುವ ದಿನ ಅವರು ನನ್ನ ತಲೆಯ ಮೇಲೆ ಕೈಯಿಟ್ಟು, "ನೀ ಹೆದರಬ್ಯಾಡ ತಂಗಿ, ನಿನ್ನ ಹೆಸರು ನಾ ಎಲ್ಲೂ ಬರದಿಲ್ಲ" ಎಂದರು. ವಸತಿ ನಿಧಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಸಾಮಾನು ಎಂದು ಬರೆದ ಮೇಲೆ ಸಾಮಾನಿನವರು ತಮ್ಮ ತಮ್ಮದನ್ನು ಒಯ್ಯಬಹುದು ಎಂದರು.

ಹೊರಲು ಬರುವಷ್ಟು ಆಗಲಿ ಎಂದು ನಾವು ಕಾದೆವು. ಮುಂದಿನ ವರ್ಷ ನಾನೂ ಅಪ್ಪನೂ ಕೈಗಾಡಿ ತೆಗೆದುಕೊಂಡು ಹೋದೆವು. ಮನೆ ಆಗ ಬಟ್ಟೆಯ ಟ್ರಂಕಿನಷ್ಟಿತ್ತು. ಕುಣಿಯೂ ಅದರ ಜೊತೆಗೇ ಬಂತು, ತಳದಲ್ಲಿ ಅಂಟಿಕೊಂಡ ಒಂದು ಮಣ್ಣಿನ ಗಡ್ಡೆಯ ಹಾಗೆ. ಅಪ್ಪ ಅದನ್ನು ಕೋಣೆಯ ಮೂಲೆಯಲ್ಲಿ, ಬೆಳಕು ಬೀಳುವ ಕಡೆ ಇಟ್ಟ. ದಿನವೂ ಮಧ್ಯಾಹ್ನ ಅದರ ಮುಂದೆ ಬೋರಲು ಮಲಗಿ, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣನ್ನು ಕಿಟಕಿಗೆ ಹಚ್ಚಿ ತನ್ನ ಮಗ್ಗವನ್ನು ನೋಡುತ್ತಿದ್ದ. ಸೀರೆ ಹಾಗೇ ಇದೆ ಎನ್ನುತ್ತಿದ್ದ. ತೇರಿನ ಕುಸುರಿ ಕಾಣುವುದಿಲ್ಲ, ಆದರೆ ಇದೆ ಎನ್ನುತ್ತಿದ್ದ. ಮಂಗಳವಾರ ಎಷ್ಟೈತಿ ಎಂದು ಕೇಳುವುದನ್ನು ಬಿಟ್ಟಿದ್ದ.

ಮೊನ್ನೆ ಅವನು ಎಂದಿಗಿಂತ ಹೆಚ್ಚು ಹೊತ್ತು ಹಾಗೆ ಮಲಗಿದ್ದ. ನಾನು ರೊಟ್ಟಿ ತಟ್ಟುತ್ತಿದ್ದೆ.

"ಶಾವಂತ್ರಿ," ಎಂದ. "ಮಗ್ಗದ ಬಾಜೂಕ ಒಂದು ಕಡ್ಡಿ ನಿಂತೈತಿ."

ನನ್ನ ಕೈ ನಿಂತಿತು.

"ನಾವು ಬಿಡುವಾಗ ಇರಲಿಲ್ಲ ಅದು. ಗುಡಿಸಿ ಬಿಟ್ಟಿದ್ದೆ ನಾನು." ಕಣ್ಣನ್ನು ಕಿಟಕಿಗೆ ಇನ್ನಷ್ಟು ಒತ್ತಿದ. "ಬಿಸಲಿಗೆ ಹೊಳೀತೈತಿ. ಉಂಗುರ ಅದಾವ ಅದಕ್ಕ. ಒಂದು, ಎರಡು, ಮೂರು..." ಆರರವರೆಗೆ ಎಣಿಸಿದ.

ಅವನು ಎದ್ದು ಕೂತ. ನನ್ನ ಕಡೆ ತಿರುಗಲಿಲ್ಲ. ಗೋಡೆಗೆ ಒರಗಿ, ಕಾಲು ಚಾಚಿ, ತನ್ನ ಅಂಗೈಗಳನ್ನು ನೋಡಿಕೊಂಡ. ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ನಾನು ಎದ್ದು ನಿಂತೆ, ಹೇಳಲೆಂದು. ಈ ಸಲ ಹೇಳುತ್ತಿದ್ದೆ. ಧ್ವನಿ ಗಂಟಲಿಗೆ ಬಂದಿತ್ತು.

ಅಪ್ಪ ತಲೆ ಎತ್ತಿ ನನ್ನನ್ನು ನೋಡಿದ, ಪಾದದಿಂದ ನೆತ್ತಿಯವರೆಗೆ, ಅಳತೆ ಹಿಡಿಯುವವರ ಹಾಗೆ.

"ಚಿದಾನಂದಪ್ಪ ಬಂದು ಹೇಳಿದ್ದ," ಎಂದ. "ನಿನ್ನ ಮಗಳು ಒಂದಡಿ ಬೆಳದಾಳ ಅಂತ. ನಾನೂ ಹೌದಂದುಕೊಂಡಿದ್ದೆ."